ಮೊದಲನೆಯ ಸಂಪುಟದ ರಾಯರು

"ನಿಮಗೆ ಇಂಗ್ಲಿಷ್ ಜೋರಾಗಿ ಓದೋಕೆ ಬರುತ್ತಾ?"

ಜಯನಗರದ ಮನೆಗೆ ನಾವು ಹಾಲುಕ್ಕಿಸಿ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ ಪಕ್ಕದ ಕಾಂಪೌಂಡಿನ ಆಚೆಯಿಂದ ಬಂದ ಮೊದಲ ಮಾತು ಇದು. ಹೆಸರೇನು, ಯಾವ ಊರು, ಯಜಮಾನರಿಗೆ ಎಲ್ಲಿ ಕೆಲಸ, ಒಂದನ್ನೂ ಅವರು ಕೇಳಲಿಲ್ಲ. ನಾನು ಹಗ್ಗದ ಮೇಲೆ ಸೀರೆ ಹರವುತ್ತಿದ್ದೆ. ತಿರುಗಿ ನೋಡಿದರೆ ಅರವತ್ತರ ಆಸುಪಾಸಿನ ಒಬ್ಬರು ನಿಂತಿದ್ದರು. ಪಂಚೆಯ ಮೇಲೆ ಕಚೇರಿಗೆ ಹೊರಟವರಂತೆ ಕರಿ ಕೋಟು, ಕಿವಿಯ ಹಿಂದೆ ಒಂದು ಪೆನ್ಸಿಲು.

"ಬರುತ್ತೆ. ಬಿ.ಎ. ಮಾಡಿದೀನಿ" ಎಂದೆ.

"ಬಿ.ಎ. ಮಾಡಿದೋರೆಲ್ಲ ಜೋರಾಗಿ ಓದಲ್ಲ. ಮನಸ್ಸಲ್ಲೇ ಓದ್ಕೋತಾರೆ" ಎಂದರು. ಒಳಗೆ ಹೋಗುವಾಗ ಏನೋ ಜ್ಞಾಪಕ ಬಂದವರಂತೆ ತಿರುಗಿ, "ಕಾಫಿಪುಡಿ, ಸಕ್ಕರೆ ಏನಾದ್ರೂ ಬೇಕಿದ್ರೆ ನಮ್ಮನೇಲಿ ಕೇಳಿ. ಅಂಗಡಿ ದೂರ" ಎಂದರು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ರಸ್ತೆಗಳು ಮಾತ್ರ ಅಚ್ಚುಕಟ್ಟಾಗಿ ಬಂದು ಮನೆಗಳಿಗಾಗಿ ಕಾದು ನಿಂತಿದ್ದವು. ಬೀದಿಯವರೆಲ್ಲ ಅವರನ್ನು ರಾಯರು ಎನ್ನುತ್ತಿದ್ದರು. ಬಡಾವಣೆಗಳ ನಕ್ಷೆ ಬರೆಯುವ ಸರ್ಕಾರಿ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದು ನಿವೃತ್ತರಾದವರು. ಸಂಜೆ ತಿರುಗಾಡಲು ಹೊರಟರೆ, "ಈ ತಿರುವು ನಂದು", "ಈ ಪಾರ್ಕಿನ ಮೂಲೆ ನಂದಲ್ಲ, ಆಮೇಲೆ ಯಾರೋ ಕೆಡಿಸಿದ್ದು" ಎಂದು ತೋರಿಸುತ್ತಿದ್ದರು. ಅವರ ಹೆಂಡತಿಯನ್ನು ನಾನು ಮೊದಲ ವಾರದಿಂದಲೇ ದೊಡ್ಡಮ್ಮ ಎಂದು ಕರೆಯತೊಡಗಿದೆ. ಇದ್ದ ಒಬ್ಬಳೇ ಮಗಳನ್ನು ಶಿವಮೊಗ್ಗಕ್ಕೆ ಕೊಟ್ಟಿದ್ದರು.

ಓದುವ ವಿಷಯ ಕೇಳಿದ್ದು ಯಾಕೆಂದು ದೊಡ್ಡಮ್ಮ ಹೇಳಿದರು. ರಾಯರ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಇನ್ನೂ ಹಣ್ಣಾಗಿಲ್ಲ, ಈಗಲೇ ಆಪರೇಷನ್ ಬೇಡ ಎಂದಿದ್ದರಂತೆ ಡಾಕ್ಟರು. "ನನಗೆ ಇಂಗ್ಲಿಷ್ ಬರಲ್ಲ. ಬಂದಿದ್ರೂ ಆ ಪುಸ್ತಕಗಳನ್ನ ನಾನು ಓದ್ತಿರ್ಲಿಲ್ಲ. ನೀನು ಸಿಕ್ಕಿದೀಯಲ್ಲ, ಮಧ್ಯಾಹ್ನ ಒಂದರ್ಧ ಗಂಟೆ ಬಾರಮ್ಮ. ಒಬ್ಬಟ್ಟು ಮಾಡಿದ ದಿನ ಒಂದು ಗಂಟೆ ಓದು."

ಹೀಗೆ ನಾನು ಚದುರಂಗದ ಚರಿತ್ರೆಯೊಳಗೆ ಹೋದೆ. ಕಾಯಿ ಹೇಗೆ ನಡೆಸುವುದೆಂದೂ ನನಗೆ ಗೊತ್ತಿರಲಿಲ್ಲ.

ಎರಡು ಕೋಣೆಯ ಮನೆ ಅದು. ಒಂದು ಕೋಣೆಯ ಮೂರು ಗೋಡೆ ಪೂರ್ತಿ ಪುಸ್ತಕ. ಪ್ರತಿಯೊಂದಕ್ಕೂ ನೀಲಿ ರಕ್ಷಾಕಾಗದ. ಕಚೇರಿಯಲ್ಲಿ ಕೆಟ್ಟುಹೋದ ನೀಲಿ ನಕ್ಷೆಗಳನ್ನು ಬಿಸಾಡುವ ಬದಲು ಮನೆಗೆ ತಂದು ಹೊದಿಸಿದ್ದರು. ಬೆನ್ನಿನ ಮೇಲೆ ಪುಸ್ತಕದ ಹೆಸರು ಬರೆದಿರಲಿಲ್ಲ. ಅವರಿಗೆ ಅದರ ಅಗತ್ಯವೂ ಇರಲಿಲ್ಲ, ಹೊದಿಕೆಯ ನಕ್ಷೆಯಲ್ಲಿ ಏನಿದೆಯೋ ಅದೇ ಗುರುತು. "ಆ ಮೋರಿ ತೆಗಿ" ಎಂದರೆ ಪರ್ಷಿಯಾ ದೇಶದ ಚದುರಂಗದ ಪುಸ್ತಕ. "ಆಸ್ಪತ್ರೆ ಮೆಟ್ಟಿಲು" ಎಂದರೆ ದಂತದ ಕಾಯಿಗಳ ಚಿತ್ರಗಳಿರುವ ದಪ್ಪ ಪುಸ್ತಕ. ಒಂದು ಜರ್ಮನ್ ಪುಸ್ತಕವೂ ಇತ್ತು. ಜರ್ಮನ್ ಬರುತ್ತಾ ಎಂದು ಕೇಳಿದೆ.

"ಇಲ್ಲ."

"ಮತ್ತೆ?"

"ಓದೋಕೆ ಬರಲ್ಲ ಅಂತ ಮನೆಗೆ ಸೇರಿಸದೆ ಇರೋಕಾಗುತ್ತಾ?"

ಗೆಲ್ಲುವುದು ಹೇಗೆಂದು ಹೇಳಿಕೊಡುವ ಪುಸ್ತಕ ಒಂದೂ ಇರಲಿಲ್ಲ. ಅವರಿಗೆ ಬೇಕಿದ್ದುದು ಈ ಆಟ ಎಲ್ಲಿ ಹುಟ್ಟಿತು, ಯಾರ ಜೊತೆ ಎಲ್ಲೆಲ್ಲಿಗೆ ಹೋಯಿತು, ಹೋದಲ್ಲೆಲ್ಲ ಏನಾಯಿತು ಎನ್ನುವುದಷ್ಟೇ. ಆಡುವುದರಲ್ಲಿ ಅವರು ಬಹಳ ಸಾಮಾನ್ಯ. ಅವರ ಹತ್ತಿರವೇ ಆಟ ಕಲಿತ ನನ್ನ ಗಂಡ ಎರಡು ವಾರದಲ್ಲಿ ಅವರನ್ನು ಸೋಲಿಸಿದರು. ಸೋತಿದ್ದಕ್ಕೆ ಬೇಜಾರೇ ಇಲ್ಲ. ಆಟದ ನಡುವೆ ಒಂಟೆಯನ್ನು ಕೈಯಲ್ಲಿ ಹಿಡಿದು, "ಇದು ಮೊದಲು ಆನೆಯಾಗಿತ್ತು ಗೊತ್ತಾ?" ಎಂದು ಶುರು ಮಾಡಿದರೆ ಅದನ್ನು ಎಲ್ಲಿಂದ ಎತ್ತಿದ್ದೆಂಬುದೇ ಮರೆತುಹೋಗುತ್ತಿತ್ತು.

ಈ ಹುಚ್ಚು ಹತ್ತಿದ್ದು ಹೇಗೆ ಎಂದು ಒಂದು ಮಧ್ಯಾಹ್ನ ಕೇಳಿದೆ. ಹುಡುಗರಾಗಿದ್ದಾಗ ಮೈಸೂರಿನ ಕಡೆಯ ಹಳ್ಳಿಯಲ್ಲಿ ಅಜ್ಜನಿಂದ ಕಲಿತ ಆಟದಲ್ಲಿ ಕಾಲಾಳು ಯಾವಾಗಲೂ ಒಂದೇ ಮನೆ ನಡೆಯುತ್ತಿತ್ತಂತೆ. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದರು. ಕಚೇರಿಯ ಊಟದ ಹೊತ್ತಿನಲ್ಲಿ ಜೊತೆಯವನೊಬ್ಬ ಮೊದಲ ನಡೆಯಲ್ಲೇ ಕಾಲಾಳನ್ನು ಎರಡು ಮನೆ ಮುಂದಕ್ಕೆ ದೂಡಿದ. ಇವರು ಮೋಸ ಎಂದರು. ಅವನು ಹಳ್ಳಿಗುಗ್ಗು ಎಂದ. ಮಾತಿಗೆ ಮಾತು ಬೆಳೆದು ಹಲಗೆಯನ್ನೇ ಮಗುಚಿ ಹಾಕಿದರಂತೆ.

"ಆಮೇಲೆ ನೋಡಿದ್ರೆ ಪ್ರಪಂಚವೆಲ್ಲ ಎರಡು ಮನೆ ನಡೆಸ್ತಿದೆ ಕಣಮ್ಮ. ನಮ್ಮಜ್ಜ ತಪ್ಪು ಹೇಳಿಕೊಟ್ರಾ? ಇಲ್ಲ. ಹಾಗಾದ್ರೆ ಬದಲಾಯಿಸಿದೋರು ಯಾರು? ಯಾರನ್ನ ಕೇಳಿ ಬದಲಾಯಿಸಿದ್ರು?"

ಅದನ್ನು ತಿಳಿಯಲು ಕೊಂಡ ಮೊದಲನೆಯ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಎರಡನೆಯದರಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಹಾಗೆಯೇ ಗೋಡೆ ತುಂಬಿತು.

ಆ ಎಲ್ಲ ಪುಸ್ತಕಗಳಲ್ಲಿ ಅವರಿಗೆ ಜೀವ ಒಂದರ ಮೇಲೆ. ಇಂಗ್ಲೆಂಡಿನವನೊಬ್ಬ ಜೀವಮಾನವೆಲ್ಲ ಕೂತು ಎರಡು ಸಂಪುಟಗಳಲ್ಲಿ ಬರೆದ ಇತಿಹಾಸ ಅದು. ಇವರ ಹತ್ತಿರ ಇದ್ದದ್ದು ಮೊದಲನೆಯ ಸಂಪುಟ ಮಾತ್ರ. ಅದನ್ನು ತೆರೆಯುವ ಮುಂಚೆ ಎರಡೂ ಅಂಗೈಗಳನ್ನು ಟವಲ್ಲಿಗೆ ಒರೆಸಿಕೊಳ್ಳುತ್ತಿದ್ದರು. ಬೆರಳಿಗೆ ಎಂಜಲು ಮುಟ್ಟಿಸಿ ಹಾಳೆ ತಿರುವಿದವರನ್ನು ಮತ್ತೆ ಆ ಕೋಣೆಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆ ಸಂಪುಟದ ಕೊನೆಯ ಪುಟದಲ್ಲಿ ಒಂದು ಮಾತಿತ್ತು. ಕರ್ಣರೇಖೆಯಲ್ಲಿ ಒಂದೇ ಒಂದು ಮನೆ ನಡೆಯುತ್ತಿದ್ದ ಬಡ ಮಂತ್ರಿ ಪಶ್ಚಿಮಕ್ಕೆ ಹೋಗಿ ರಾಣಿಯಾಗಿ, ಹಲಗೆಯನ್ನೆಲ್ಲ ಆಳಿದ್ದು ಹೇಗೆಂಬುದನ್ನು ಮುಂದಿನ ಸಂಪುಟದಲ್ಲಿ ಕಾಣೋಣ ಎಂದು. ಬೇರೆ ಪುಸ್ತಕಗಳಿಂದ ಆ ಕಥೆಯ ತಲೆಬುಡ ಅವರಿಗೆ ಗೊತ್ತಿತ್ತು. ಆದರೂ, "ಈತ ಹೇಳೋದು ಬೇರೆ. ಈತ ಸುಳ್ಳು ಹೇಳಲ್ಲ" ಎನ್ನುತ್ತಿದ್ದರು.

ಎರಡನೆಯ ಸಂಪುಟಕ್ಕಾಗಿ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಸಾಬರ ಅಂಗಡಿಯನ್ನು ಅವರು ವರ್ಷಗಟ್ಟಲೆ ಸುತ್ತಿದ್ದರು. ಅದೇ ಅಂಗಡಿಗೆ ಇನ್ನೊಬ್ಬರು ಬಂದು ಮೊದಲನೆಯ ಸಂಪುಟ ಇದೆಯಾ ಎಂದು ಕೇಳುತ್ತಿದ್ದರು. ಸಾಬರು ಇಬ್ಬರಿಗೂ ವಿಷಯ ಹೇಳಿದ್ದರು. ಆದರೆ ನನ್ನ ವಿಳಾಸ ಆತನಿಗೆ ಕೊಡಬೇಡಿ ಎಂದು ಇವರೂ, ನನ್ನ ವಿಳಾಸ ಅವರಿಗೆ ಕೊಡಬೇಡಿ ಎಂದು ಅವರೂ ತಾಕೀತು ಮಾಡಿಬಿಟ್ಟಿದ್ದರು. ತಮ್ಮದನ್ನು ಕೇಳಿಬಿಟ್ಟರೆ ಎಂಬ ಭಯ ಇಬ್ಬರಿಗೂ. ಕೊನೆಗೆ ಸಾಬರಿಗೇ ತಾಳ್ಮೆ ಕೆಟ್ಟು, ಇಬ್ಬರಿಗೂ ಒಂದೇ ದಿನ ಒಂದೇ ಹೊತ್ತಿಗೆ ಬರಹೇಳಿ, "ನೀವು ನೀವು ಮಾತಾಡ್ಕೊಳಿ ಸಾಮಿ, ನಂಗೆ ಯಾಪಾರ ಐತೆ" ಎಂದು ಒಳಗೆ ಹೋದರಂತೆ.

ಆ ಇನ್ನೊಬ್ಬರು ಸಾರಕ್ಕಿಯ ಗೌಡರು. ಕೆರೆಯ ಪಕ್ಕದಲ್ಲಿ ದ್ರಾಕ್ಷಿ ತೋಟ ಇಟ್ಟುಕೊಂಡಿದ್ದ ಅನುಕೂಲಸ್ಥರು. ಒಂದು ವರ್ಷ ಲಾ ಓದಿ, ತಂದೆ ತೀರಿಕೊಂಡಾಗ ಬಿಟ್ಟು ಬಂದಿದ್ದರು. ರಾಯರ ಹಾಗಲ್ಲ, ಆಟದಲ್ಲಿ ಗಟ್ಟಿಗರು, ಮಾತಿನಲ್ಲೂ ಜೋರು. ಹಿಂದೆ ದಂಡು ಪ್ರದೇಶದಲ್ಲಿ ಯಾರೋ ಇಂಗ್ಲಿಷ್ ದೊರೆ ತಮ್ಮ ದೇಶಕ್ಕೆ ಹೊರಟಾಗ ಸಾಮಾನು ಹರಾಜು ಹಾಕಿದ್ದರಂತೆ. ಅಲ್ಲಿ ಅವರ ತಂದೆ ಕೊಂಡ ಮೇಜಿನ ಡ್ರಾಯರಿನಲ್ಲಿ ಎರಡನೆಯ ಸಂಪುಟ ಸಿಕ್ಕಿತ್ತು.

ಮೊದಲ ಭೇಟಿಯಲ್ಲೇ ಜಗಳ. ನೀವು ಕೊಡಿ ಎಂದರೆ ನೀವೇ ಕೊಡಿ. ಅರ್ಧ ಇತಿಹಾಸ ಇಟ್ಟುಕೊಂಡು ಏನು ಮಾಡ್ತೀರಿ ಎಂದು ಇವರು ಕೇಳಿದರೆ ಅದೇ ಪ್ರಶ್ನೆ ತಿರುಗಿ ಬಂತು. ಕೊನೆಗೆ ಒಂದು ಒಪ್ಪಂದವಾಯಿತು. ಪುಸ್ತಕ ಯಾರ ಮನೆಯ ಹೊಸಿಲನ್ನೂ ದಾಟುವುದಿಲ್ಲ. ಒಂದು ಭಾನುವಾರ ಗೌಡರು ಜಯನಗರಕ್ಕೆ ಬಂದು ಮೊದಲನೆಯದನ್ನು ಓದುವುದು, ಮರು ಭಾನುವಾರ ರಾಯರು ಸಾರಕ್ಕಿಗೆ ಹೋಗಿ ಎರಡನೆಯದನ್ನು ಓದುವುದು. ರಾಯರು ಇನ್ನೊಂದು ಷರತ್ತು ಹಾಕಿದರು. ಮೊದಲಿನಿಂದ ಸಾಲಾಗಿ ಓದಬೇಕು. ನಡುವೆ ಹಾರಬಾರದು.

ನಾವು ಪಕ್ಕದ ಮನೆಗೆ ಬರುವ ಹೊತ್ತಿಗೆ ಈ ಭಾನುವಾರಗಳು ಶುರುವಾಗಿ ಸ್ವಲ್ಪ ಕಾಲವಾಗಿತ್ತು. ಕಣ್ಣು ಮಂಜಾದ ಮೇಲೆ ಸಾರಕ್ಕಿಗೆ ರಾಯರ ಜೊತೆ ನಾನೂ ದೊಡ್ಡಮ್ಮನೂ ಹೊರಟೆವು. ಆಗ ನಮ್ಮ ಬೀದಿ ಮುಗಿದರೆ ಊರು ಮುಗಿಯಿತು. ಅಲ್ಲಿಂದಾಚೆ ರಾಗಿ ಹೊಲದ ಬದು, ಬದುವಿನ ಕೊನೆಗೆ ಬಂಡಿದಾರಿ, ಆಮೇಲೆ ಕೆರೆ ಏರಿ. ಅವರೆ ಕಾಲದಲ್ಲಿ ಆ ದಾರಿಯುದ್ದಕ್ಕೂ ಸೊಗಡಿನ ವಾಸನೆ. ದೊಡ್ಡಮ್ಮ ಕೈಯಲ್ಲಿ ಕೋಡುಬಳೆ ಡಬ್ಬಿ ಹಿಡಿದು ನಮ್ಮಿಬ್ಬರಿಗಿಂತ ಮುಂದೆ ನಡೆಯುತ್ತಿದ್ದರು. ಈಗ ಅಲ್ಲೆಲ್ಲ ಜೆ.ಪಿ. ನಗರ. ಗೌಡರ ಬಾವಿ ಎಲ್ಲಿತ್ತು ಎಂದು ತೋರಿಸು ಎಂದರೆ ನನಗೆ ಆಗುವುದಿಲ್ಲ.

ದ್ರಾಕ್ಷಿ ಚಪ್ಪರದ ಕೆಳಗೆ ಹಗ್ಗದ ಮಂಚ ಹಾಕಿ ಅದರ ಮೇಲೆ ಜಮಖಾನ ಹಾಸಿರುತ್ತಿತ್ತು. ಪುಸ್ತಕವನ್ನು ಗೌಡರು ರೇಷ್ಮೆ ವಲ್ಲಿಯಲ್ಲಿ ಸುತ್ತಿ ಒಳಗಿನಿಂದ ತರುತ್ತಿದ್ದರು. ತೋಟದ ಬೇಲಿಯೇ ಹೊಸಿಲು ಎಂಬುದು ಅವರ ಲೆಕ್ಕ. ನಾನು ಓದುತ್ತಿದ್ದೆ. ಎರಡು ಸಾಲು ಮುಗಿಯುವುದರೊಳಗೆ ಅವರಿಬ್ಬರಿಗೆ ಹತ್ತುತ್ತಿತ್ತು.

"ಅಲ್ಲೇ ನಿಲ್ಸಮ್ಮ. ಗೌಡ್ರೇ, ಇದನ್ನೇ ನನ್ನ ಸಂಪುಟದಲ್ಲಿ ಬೇರೆ ಥರ ಹೇಳಿದಾನೆ."

"ನಿಮ್ಮ ಸಂಪುಟ ಬರೀವಾಗ ಅವನಿಗೆ ವಯಸ್ಸು ಚಿಕ್ಕದು ರಾಯರೇ. ಬುದ್ಧಿ ಬಂದಿದ್ದು ನನ್ನ ಸಂಪುಟಕ್ಕೆ."

ಗೌಡರು ತಮ್ಮ ಸಂಪುಟವನ್ನು ಎಷ್ಟೋ ಸಲ ಓದಿದ್ದರು. ಮಂತ್ರಿ ರಾಣಿಯಾದ ಅಧ್ಯಾಯದ ಪ್ರಸ್ತಾಪ ಬಂದರೆ ಮೀಸೆಯಲ್ಲೇ ನಗುತ್ತ, "ಹೇಳಲ್ಲ. ಸಾಲಾಗಿ ಬನ್ನಿ" ಎನ್ನುತ್ತಿದ್ದರು. ಆ ಅಧ್ಯಾಯಕ್ಕೆ ಮುಂಚೆ ಪುಸ್ತಕ ಬರ್ಮ, ಚೀನಾ, ಜಪಾನನ್ನೆಲ್ಲ ಸುತ್ತುತ್ತಿತ್ತು. ಚೀನಾದಲ್ಲಿ ಒಂದು ಮಳೆಗಾಲವೇ ಕಳೆಯಿತು.

ಹೊರಡುವಾಗ ಗೌಡರ ಹೆಂಡತಿ ಬುಟ್ಟಿಯಲ್ಲಿ ದ್ರಾಕ್ಷಿ ಗೊಂಚಲು ಕೊಡುತ್ತಿದ್ದರು. ಕಪ್ಪುನೀಲಿ ಹಣ್ಣು, ಸಿಪ್ಪೆ ಒಗರು, ಒಳಗೆ ಜೇನು. ನಾನೂ ದೊಡ್ಡಮ್ಮನೂ ದಾರಿಯಲ್ಲೇ ಅರ್ಧ ಮುಗಿಸುತ್ತಿದ್ದೆವು. ರಾಯರು ಮುಟ್ಟುತ್ತಿರಲಿಲ್ಲ. "ಗಂಟಲಿಗೆ ಆಗಲ್ಲ" ಎನ್ನುತ್ತಿದ್ದರು.

ಕೊನೆಗೆ ಒಂದು ಭಾನುವಾರ ಓದು ಆ ಅಧ್ಯಾಯದ ಅಂಚಿಗೆ ಬಂತು. ಮುಂದಿನ ಸಲಕ್ಕೆ ರಾಣಿ ಎಂದು ಗೌಡರೇ ಘೋಷಿಸಿದ್ದರು. ರಾಯರು ಆ ಸಲ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೊರಟರು. ನಾನು ಪುಸ್ತಕ ತೆರೆದು ಮಡಿಲಲ್ಲಿಟ್ಟುಕೊಂಡೆ. ಗೌಡರು ಬೇರೆ ಮಾತು ತೆಗೆದರು.

"ರಾಯರೇ, ಹೋದ ವಾರ ಯಾರೋ ಸರಪಳಿ ಹಿಡ್ಕೊಂಡು ಬಂದಿದ್ರು. ಬಾವಿ ಹತ್ರ ಒಂದು ಕಲ್ಲು, ಆ ಬದು ಮೇಲೊಂದು ಕಲ್ಲು ನೆಟ್ಟು ಹೋದ್ರು. ಕೇಳಿದ್ರೆ ರೋಡು ಅಗಲ ಮಾಡ್ತಾರೆ ಅಂದ್ರು. ನೀವು ಅದೇ ಆಫೀಸಲ್ಲಿದ್ದೋರಲ್ವಾ, ಏನು ವಿಷ್ಯ?"

ರಾಯರು ಕಿವಿಯ ಹಿಂದಿನ ಪೆನ್ಸಿಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಗೊತ್ತಿಲ್ಲ ಎಂದುಬಿಡಬಹುದಿತ್ತು. ನಿವೃತ್ತರಾದವರನ್ನು ಯಾರೂ ಮತ್ತೆ ಕೇಳುವುದಿಲ್ಲ.

"ರೋಡಲ್ಲ ಗೌಡ್ರೇ. ಬಡಾವಣೆ."

"ಎಲ್ಲಿಂದ ಎಲ್ಲೀವರ್ಗೂ?"

"ಕೆರೆ ಈ ದಡದಿಂದ ಹಿಡಿದು ಆಚೆ ಗುಡ್ಡದವರೆಗೆ. ಈ ತೋಟ ಪೂರ್ತಿ ಬರುತ್ತೆ."

"ನಿಮಗೆ ಹೆಂಗೆ ಗೊತ್ತು?"

"ಮೊದಲನೇ ಕರಡು ನಕ್ಷೆ ಬರೆದೋನು ನಾನೇ. ಆಗ ನಿಮ್ಮ ಪರಿಚಯ ಇರ್ಲಿಲ್ಲ. ಎಷ್ಟೋ ನಕ್ಷೆ ಬರೀತೀವಿ, ಅರ್ಧ ಹಾಗೇ ಬಿದ್ದಿರುತ್ತೆ. ಇದೂ ಬಿದ್ದಿರಲಿ ಅಂದ್ಕೊಂಡಿದ್ದೆ."

ಗೌಡರು ತಲೆಯೆತ್ತಿ ಚಪ್ಪರ ನೋಡಿದರು. "ಗೆರೆ ಒಂಚೂರು ಆ ಕಡೆ ಬಾಗಿಸಿ ಎಳೀಬೋದಿತ್ತಲ್ಲ ರಾಯರೇ?"

"ಆ ಕಡೆ ಬಾಗಿಸಿದ್ರೆ ಇನ್ಯಾರದೋ ತೋಟ."

ಗೌಡರು ಎದ್ದು ಬಂದರು. ನನ್ನ ಮಡಿಲಿನಿಂದ ಪುಸ್ತಕ ತೆಗೆದುಕೊಂಡು ಮುಚ್ಚಿ, ವಲ್ಲಿಯಲ್ಲಿ ಸುತ್ತಿ ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ಏನೂ ತಿಳಿಯದ ಅವರ ಹೆಂಡತಿ ಎಂದಿನಂತೆ ಬುಟ್ಟಿ ಕೊಟ್ಟು ಗೇಟಿನವರೆಗೆ ಬಂದರು.

ಕೆರೆ ಏರಿಯ ಮೇಲೆ ದೊಡ್ಡಮ್ಮ ಕೇಳಿದರು. "ಮೊದಲನೇ ದಿನದಿಂದ್ಲೂ ಗೊತ್ತಿತ್ತಾ ನಿಮಗೆ?"

ರಾಯರು ಹೂಂ ಎಂದರು.

"ಗೊತ್ತಿದ್ದೂ ಅವರ ಮನೆ ದ್ರಾಕ್ಷಿ ತರೋಕೆ ಬಿಟ್ರಲ್ಲ."

"ನಾನು ತಿಂದಿಲ್ಲ" ಎಂದರು ರಾಯರು.

ಮುಂದಿನ ಭಾನುವಾರ ಗೌಡರು ಬರುವ ಸರದಿ. ರಾಯರು ಬೆಳಗ್ಗೆಯೇ ಸ್ನಾನ ಮಾಡಿ ವರಾಂಡದಲ್ಲಿ ಕೂತರು. ಗೌಡರು ಬರಲಿಲ್ಲ. ಅದರ ಮುಂದಿನ ವಾರ ಇವರು ಹೋಗಬೇಕಿತ್ತು. ಕೋಟು ಹಾಕಿಕೊಂಡು ಗೇಟಿನವರೆಗೆ ಹೋಗಿ ವಾಪಸು ಬಂದರು. ಹೀಗೆ ತಿಂಗಳುಗಳು ಹೋದವು. ನಾನು ಮಧ್ಯಾಹ್ನ ಓದಲು ಹೋದರೆ "ಇವತ್ತು ಬೇಡಮ್ಮ" ಎನ್ನುವುದು ಹೆಚ್ಚಾಯಿತು. ಕಣ್ಣೂ ಅಷ್ಟರಲ್ಲಿ ಪೂರ್ತಿ ಮಸುಕಾಗಿ, ಎದುರಿಗೆ ಬಂದವರನ್ನು ದನಿಯಿಂದ ಗುರುತು ಹಿಡಿಯುವ ಹಾಗಾಗಿತ್ತು. ಗೋಡೆಯ ಮೇಲಿನ ಪುಸ್ತಕಗಳನ್ನು ಮಾತ್ರ ಬೆರಳಿನಿಂದಲೇ ಎಣಿಸಿದಂತೆ ಸವರಿಕೊಂಡು ಹೋಗುತ್ತಿದ್ದರು. ಡಾಕ್ಟರು ಪೊರೆ ಹಣ್ಣಾಗಿದೆ, ಆಸ್ಪತ್ರೆಗೆ ಸೇರಿ ಎಂದರು.

ಸೇರುವ ಮುಂಚಿನ ವಾರ ದೊಡ್ಡಮ್ಮ ನಮ್ಮ ಮನೆಗೆ ಬಂದು, "ನಡಿಯಮ್ಮ, ಸಾರಕ್ಕಿಗೆ ಹೋಗಿಬರೋಣ. ಅವರಿಗೆ ಹೇಳ್ಬೇಡ" ಎಂದರು.

ಗೌಡರು ಚಪ್ಪರದ ಕೆಳಗೆ ಒಬ್ಬರೇ ಕೂತಿದ್ದರು. ನಮ್ಮನ್ನು ನೋಡಿ ಎದ್ದು ನಿಂತು, "ಬನ್ನಿ ಅಮ್ಮಾವ್ರೇ" ಎಂದರು. ದೊಡ್ಡಮ್ಮ ಕೂರಲಿಲ್ಲ.

"ಗೌಡ್ರೇ, ಅವರು ಗೆರೆ ಎಳೆದದ್ದು ಸಂಬಳಕ್ಕೆ. ನಿಮಗೆ ಬಾಯಿಬಿಟ್ಟು ಹೇಳಿದ್ದು ಸ್ನೇಹಕ್ಕೆ. ನಿಮಗೆ ಕೋಪ ಯಾವುದರ ಮೇಲೆ ಅಂತ ಕೇಳೋಕೆ ಬಂದೆ."

ಗೌಡರು ಪಕ್ಕದ ಬಳ್ಳಿಯೊಂದನ್ನು ಹಿಡಿದುಕೊಂಡರು. "ಎರಡರ ಮೇಲೂ ಇಲ್ಲ ಅಮ್ಮಾವ್ರೇ. ನಮ್ಮಪ್ಪ ಹಾಕಿದ ಬಳ್ಳಿ ಇದು. ರಾಯರ ಮುಖ ನೋಡಿದ್ರೆ ಅದೇ ನೆನಪಾಗುತ್ತೆ, ಏನ್ಮಾಡ್ಲಿ?"

"ಅವರಿಗೆ ಈಗ ಯಾರ ಮುಖಾನೂ ಕಾಣಲ್ಲ. ಸೋಮವಾರ ಕಣ್ಣಿನ ಆಪರೇಷನ್" ಎಂದು ದೊಡ್ಡಮ್ಮ ಆಸ್ಪತ್ರೆ ಯಾವುದೆಂದು ಹೇಳಿದರು. ಬನ್ನಿ ಎನ್ನಲಿಲ್ಲ. ತಿರುಗಿ ನಡೆದರು. ದಾರಿಯಲ್ಲಿ ಕೆರೆಯ ಹತ್ತಿರ ಒಂದು ಕಡೆ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡು, "ಧೂಳು" ಎಂದರು.

ಆಗಿನ ಕಾಲದ ಕಣ್ಣಿನ ಆಪರೇಷನ್ ಈಗಿನ ಹಾಗಲ್ಲ. ಎರಡೂ ಕಣ್ಣಿಗೆ ಕಟ್ಟು ಹಾಕಿ, ತಲೆ ಅಲ್ಲಾಡದ ಹಾಗೆ ಎರಡೂ ಬದಿಗೆ ಮರಳಿನ ಚೀಲ ಇಟ್ಟು ಅಂಗಾತ ಮಲಗಿಸುತ್ತಿದ್ದರು. ಎಷ್ಟೋ ದಿನ ಹಾಗೆಯೇ. ನಗಬಾರದು, ಕೆಮ್ಮಬಾರದು, ಜೋರಾಗಿ ಮಾತಾಡಬಾರದು. ಜನರಲ್ ವಾರ್ಡಿನಲ್ಲಿ ಆ ರೀತಿ ಮಲಗಿದವರ ಎರಡು ಸಾಲು. ನಾನೂ ದೊಡ್ಡಮ್ಮನೂ ರಾಯರ ಮಂಚದ ಪಕ್ಕ ಕೂತಿದ್ದಾಗ ಬಾಗಿಲಲ್ಲಿ ಗೌಡರು ಕಾಣಿಸಿದರು. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ವಲ್ಲಿಯಲ್ಲಿ ಸುತ್ತಿದ ಪುಸ್ತಕ.

ಅವರು ಒಳಗೆ ಬಂದರು. ಸ್ಟೂಲು ಎಳೆದುಕೊಂಡು ಕೂತು ವಲ್ಲಿ ಬಿಚ್ಚಿದರು. ಹಾಳೆ ಸರಿಯುವ ಸದ್ದು ಕೇಳಿ ರಾಯರ ಕೈ ಹೊದಿಕೆಯ ಮೇಲೆ ಅಲ್ಲಾಡಿತು.

"ಯಾರು?"

"ತಲೆ ಅಲ್ಲಾಡಿಸ್ಬೇಡಿ ರಾಯರೇ. ಬುದ್ಧಿ ಇಲ್ವಾ? ಡಾಕ್ಟ್ರು ಹೇಳಿಲ್ವಾ?"

"ಗೌಡ್ರೇ, ಪುಸ್ತಕ ಹೊಸಿಲು ದಾಟಿ ಬಂದಿದೆ" ಎಂದರು ರಾಯರು.

"ಹೊಸಿಲೇ ಇರಲ್ಲ ಇನ್ನು. ಸುಮ್ನೆ ಕೇಳಿಸ್ಕೊಳಿ."

ಗೌಡರು ಓದಲು ಶುರು ಮಾಡಿದರು. ಇಂಗ್ಲಿಷಿನ ಒಂದು ವಾಕ್ಯ, ಆಮೇಲೆ ಅದರ ಕನ್ನಡ. ಅರ್ಥವಾಗದ ಪದ ಬಂದರೆ ನನ್ನ ಕಡೆ ನೋಡುತ್ತಿದ್ದರು. ದೂರದ ದೇಶಗಳಲ್ಲಿ ಜನ ಆಟ ನಿಧಾನವಾಯಿತೆಂದು ಬೇಸತ್ತು, ಮಂತ್ರಿಯ ಜಾಗದಲ್ಲಿ ರಾಣಿಯನ್ನು ಕೂರಿಸಿ, ಆಕೆಗೆ ಕಣ್ಣು ಹಾಯುವಷ್ಟು ದೂರ ಎಲ್ಲ ದಿಕ್ಕಿಗೂ ನಡೆಯುವ ಅಧಿಕಾರ ಕೊಟ್ಟ ಕಥೆ. ಇಂಥವನೇ ಬದಲಾಯಿಸಿದ ಎಂದು ಹೇಳಲಾಗದು, ಒಂದೊಂದು ಊರಿನಲ್ಲಿ ಒಂದೊಂದು ಥರ ಆಡುತ್ತ ಆಡುತ್ತ ಅದೇ ರೂಢಿಯಾಯಿತು, ಹಳೆಯ ಆಟ ಬಲ್ಲ ಮುದುಕರು ಬಹಳ ಕಾಲ ಒಪ್ಪಲಿಲ್ಲ ಎಂದು ಆ ಇಂಗ್ಲಿಷಿನವನು ಬರೆದಿದ್ದ. ವಾರ್ಡಿನಲ್ಲಿ ಕಟ್ಟು ಕಟ್ಟಿಕೊಂಡು ಮಲಗಿದ್ದವರ ಮಾತೆಲ್ಲ ನಿಂತುಹೋಗಿತ್ತು. ಪಕ್ಕದ ಮಂಚದವರು ಮೆಲ್ಲಗೆ, "ಆಮೇಲೆ ರಾಜ ಏನ್ಮಾಡಿದ?" ಎಂದು ಕೇಳಿದರು.

"ರಾಜ ಮೊದಲಿನ ಹಂಗೇ. ಒಂದೊಂದೇ ಮನೆ" ಎಂದರು ಗೌಡರು.

"ರಾಣಿಗೆ ಊರೆಲ್ಲ ಓಡಾಡೋ ಕೆಲಸ ಹಚ್ಚಿ ರಾಜನ್ನ ಮೂಲೇಲಿ ಕೂರಿಸಿದ್ರು ಅನ್ನಿ" ಎಂದರು ದೊಡ್ಡಮ್ಮ. "ನಮ್ಮನೆ ಥರಾನೇ."

ರಾಯರಿಗೆ ನಗು ಬಂತು. ನಗಬಾರದು ಎಂದು ತುಟಿ ಕಚ್ಚಿ ಹಿಡಿದರು. ನರ್ಸ್ ಬಂದು ಎಲ್ಲರನ್ನೂ ಗದರಿಸಿದಳು.

ಓದು ಮುಗಿದ ಮೇಲೆ ಗೌಡರು ಬುಟ್ಟಿಯಿಂದ ಒಂದು ದ್ರಾಕ್ಷಿ ಬಿಡಿಸಿದರು. "ಈ ಸಲದ್ದೇ ಕೊನೇ ಫಸಲು ಅನ್ಸುತ್ತೆ. ಗಂಟಲಿಗೆ ಆಗಲ್ಲ ಅಂತ ಇನ್ನೊಂದ್ ಸಲ ಅಂದ್ರೆ ಎದ್ದು ಹೋಗ್ತೀನಿ."

ರಾಯರು ಬಾಯಿ ತೆರೆದರು.

ಒಂದು ಕಣ್ಣು ಚೆನ್ನಾಗಿ ಬಂತು, ಇನ್ನೊಂದು ಅಷ್ಟಕ್ಕಷ್ಟೆ. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಅವರು ಮತ್ತೆ ತಾವೇ ಓದತೊಡಗಿದರು. ನನಗೆ ಕೆಲಸ ಹೋಯಿತು. ಆದರೂ ಭಾನುವಾರಗಳಿಗೆ ಹೋಗುತ್ತಿದ್ದೆ. ತೋಟ ಒಂದೇ ಸಲಕ್ಕೆ ಹೋಗಲಿಲ್ಲ. ನೋಟಿಸು ಬಂತು, ಗೌಡರು ಕೋರ್ಟಿಗೆ ಹೋದರು. ಅದಕ್ಕೆ ಬೇಕಾದ ನಕ್ಷೆಗಳನ್ನು ರಾಯರೇ ಆ ಒಂದು ಕಣ್ಣಿನಲ್ಲಿ ಕೂತು ಬರೆದುಕೊಟ್ಟರು. ತಾವು ಎಳೆದ ಗೆರೆಯ ವಿರುದ್ಧ ತಾವೇ ಗೆರೆ ಎಳೆದದ್ದು ಸರ್ವೀಸಿನಲ್ಲಿ ಇದೇ ಮೊದಲು ಎಂದರು. ಪ್ರಯೋಜನವಾಗಲಿಲ್ಲ. ಬಳ್ಳಿಗಳನ್ನು ಕಡಿಯುವ ದಿನ ರಾಯರು ಬೆಳಗ್ಗೆಯೇ ಸಾರಕ್ಕಿಗೆ ಹೋಗಿ ಗೌಡರ ಜೊತೆ ಇದ್ದು ಸಂಜೆ ಬಂದರು. ಗೌಡರಿಗೆ ಊರೊಳಗಿನ ಹಳೇ ಮನೆ ಉಳಿಯಿತು. ಪುಸ್ತಕ ಅಲ್ಲಿಗೆ ಹೋಯಿತು. ಭಾನುವಾರದ ಸರದಿಯೂ ಅಲ್ಲಿಗೆ ಹೋಯಿತು.

ಆ ದಶಕ ಮುಗಿಯುವ ಮುಂಚೆ ರಾಯರು ತೀರಿಕೊಂಡರು. ಹೆಚ್ಚು ನರಳಲಿಲ್ಲ. ಜ್ವರ ಬಂತು, ಎದೆಗೆ ಇಳಿಯಿತು, ವಾರದೊಳಗೆ ಹೋದರು. ಮಗಳು ಶಿವಮೊಗ್ಗಕ್ಕೆ ಬಾ ಎಂದು ಅಮ್ಮನನ್ನು ಕರೆದಳು. "ಇಷ್ಟು ಪುಸ್ತಕ ಬಿಟ್ಟು ಎಲ್ಲಿಗೆ ಬರ್ಲಿ?" ಎಂದರು ದೊಡ್ಡಮ್ಮ. ಅಷ್ಟು ವರ್ಷ ಆ ಪುಸ್ತಕಗಳ ಧೂಳು ಹೊಡೆಯುವಾಗಲೆಲ್ಲ ಗೊಣಗಿದ್ದವರು.

ವೈಕುಂಠ ಸಮಾರಾಧನೆಯಾದ ಮೇಲಿನ ಮೊದಲ ಭಾನುವಾರ ಗೌಡರು ಬಂದರು. ನಾನು ಅಲ್ಲೇ ಇದ್ದೆ. ದೊಡ್ಡಮ್ಮ ಕೋಣೆಯೊಳಗಿಂದ ಮೊದಲನೆಯ ಸಂಪುಟವನ್ನು ಎರಡೂ ಕೈಯಲ್ಲಿ ತಂದು ಅವರ ಮುಂದೆ ಹಿಡಿದರು.

"ತಗೊಳ್ಳಿ ಗೌಡ್ರೇ. ಇನ್ನು ಇದು ನಿಮ್ಮ ಹತ್ರ ಇದ್ರೇನೇ ಸರಿ. ಜೋಡಿಯಾಗಿರಲಿ."

ಗೌಡರು ಕೈ ಚಾಚಲಿಲ್ಲ. ಹೆಗಲ ಮೇಲಿದ್ದ ಚೀಲದಿಂದ ವಲ್ಲಿಯ ಗಂಟು ತೆಗೆದು, ಬಿಚ್ಚಿ, ಎರಡನೆಯ ಸಂಪುಟವನ್ನು ಮೇಜಿನ ಮೇಲಿಟ್ಟರು.

"ಹಳೇ ಮನೆ ಅಮ್ಮಾವ್ರೇ. ಇಲಿ ಕಾಟ ವಿಪರೀತ. ಇದೂ ಇಲ್ಲೇ ಇರಲಿ. ನಾನು ಭಾನುವಾರ ಬಂದು ಓದ್ಕೊಂಡು ಹೋಗ್ತೀನಿ."

ಗೌಡರ ಮನೆಯಲ್ಲಿ ಇಲಿ ಇರಲಿಲ್ಲ. ಅವರ ಹೆಂಡತಿ ಅಂಥ ಚೊಕ್ಕಟದವರು. ದೊಡ್ಡಮ್ಮನಿಗೂ ಅದು ಗೊತ್ತಿತ್ತು. ಅವರು ಎರಡು ಪುಸ್ತಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ಕಾಫಿ ತರಲು ಒಳಗೆ ಹೋದರು.

ಲೋಟ ಕೈಗೆ ಕೊಟ್ಟ ಮೇಲೆ ಗೌಡರು ಮೊದಲನೆಯ ಸಂಪುಟ ತೆರೆದು ಮನಸ್ಸಿನಲ್ಲೇ ಓದತೊಡಗಿದರು. ದೊಡ್ಡಮ್ಮ ಬಾಗಿಲ ಬಳಿ ನಿಂತೇ ಇದ್ದರು.

"ಗೌಡ್ರೇ, ಅವರು ಇದ್ದಾಗ ಈ ಮನೇಲಿ ಜೋರಾಗಿ ಓದೋ ಅಭ್ಯಾಸ. ಕನ್ನಡದಲ್ಲಿ ಹೇಳಿ. ನಾನೂ ಕೇಳ್ತೀನಿ."

"ನೀವಾ?"

"ಇಷ್ಟು ವರ್ಷ ಅದಕ್ಕೆ ಕಾಫಿ ಕಾಯಿಸಿದೀನಿ. ಅದರಲ್ಲಿ ಏನಿದೆ ಅಂತ ಗೊತ್ತಾಗ್ಬೇಡ್ವಾ?"

ಅವರು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತರು. ಗೌಡರು ಗಂಟಲು ಸರಿಮಾಡಿಕೊಂಡು ಮೊದಲನೆಯ ಪುಟಕ್ಕೆ ಹೋದರು. ಬೆರಳಿಟ್ಟು ಒಂದು ಸಾಲು ಓದಿ, ಯೋಚಿಸಿ ಕನ್ನಡದಲ್ಲಿ ಹೇಳಿದರು.

"ಈ ಆಟವನ್ನ ಮೊಟ್ಟಮೊದಲು ಯಾರು ಆಡಿದ್ರು ಅನ್ನೋದು ಯಾರಿಗೂ ಗೊತ್ತಿಲ್ಲ, ಅಂತ ಬರ್ದವ್ನೆ."

"ಗೊತ್ತಿಲ್ಲ ಅಂದ್ಮೇಲೆ ಇಷ್ಟು ದಪ್ಪ ಪುಸ್ತಕ ಯಾಕೆ ಬರೆದ?" ಎಂದು ದೊಡ್ಡಮ್ಮ ಕೇಳಿದರು.

ಗೌಡರು ಪುಸ್ತಕದಿಂದ ತಲೆಯೆತ್ತಿದರು. ಆಮೇಲೆ ಮೈಯೆಲ್ಲ ಅಲುಗುವಂತೆ ನಕ್ಕರು. ರಾಯರು ಹೋದ ಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲು. ದೊಡ್ಡಮ್ಮ ನಗಲಿಲ್ಲ. ಸೆರಗು ಸರಿಮಾಡಿಕೊಂಡು, "ನಗೋದು ಆಮೇಲೆ. ಮುಂದೆ ಓದಿ" ಎಂದರು.